ಗೇಣಿ ಒಕ್ಕಲಿನ ಅಳಲನ್ನು ಕಾಯಿದೆಗೆ ತಂದ ವಕೀಲ: ಕಡಿದಾಳ್ ಮಂಜಪ್ಪ



ಈ ಪುಟದಲ್ಲಿ ಸಾಮಾನ್ಯವಾಗಿ ನೀವು ಬೀಜ, ಗೊಬ್ಬರ, ರೋಗ-ಕೀಟಗಳ ವಿಷಯ ಓದುತ್ತೀರಿ. ಈ ವಾರ ಒಬ್ಬ ಮನುಷ್ಯನ ವಿಷಯ ಓದಿ. ಅವರು ಹೊಸ ತಳಿ ಕಂಡುಹಿಡಿದವರಲ್ಲ, ನೇಗಿಲು ಸುಧಾರಿಸಿದವರಲ್ಲ. ಅವರು ವಕೀಲರು, ಶಾಸಕರು, ಮಂತ್ರಿಗಳು. ಆದರೆ ನಿಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಪಹಣಿಯ ಹಿಂದೆ ಒಂದು ಕಥೆಯಿದ್ದರೆ, ಆ ಕಥೆಯ ಮೊದಲ ಕೆಲವು ಪುಟಗಳಲ್ಲಿ ಅವರ ಹೆಸರು ಇದ್ದೇ ಇರುತ್ತದೆ. ಅವರೇ ತೀರ್ಥಹಳ್ಳಿ ತಾಲ್ಲೂಕಿನ ಕಡಿದಾಳ್ ಮಂಜಪ್ಪನವರು.

ಶಿವಮೊಗ್ಗದ ಹೊಸಮನೆಯಿರಲಿ, ಭದ್ರಾವತಿಯ ಹೊಸಮನೆಯಿರಲಿ, ಇಂದು ಪೇಟೆಯ ಬಡಾವಣೆಗಳಲ್ಲಿ ನೆಲೆ ನಿಂತ ಎಷ್ಟೋ ಕುಟುಂಬಗಳಿಗೆ ಊರಿನಲ್ಲಿ ಒಂದೆರಡು ಎಕರೆ ಗದ್ದೆ, ಒಂದಿಷ್ಟು ತೋಟ ಇದೆ. ಆ ಜಮೀನು ಅಜ್ಜನ ಕಾಲದಲ್ಲಿ ಯಾರದಿತ್ತು ಎಂದು ವಿಚಾರಿಸಿ ನೋಡಿ. ನಾವು ಗೇಣಿಗೆ ಮಾಡುತ್ತಿದ್ದೆವು, ಆಮೇಲೆ ನಮ್ಮದಾಯಿತು ಎನ್ನುವ ಉತ್ತರ ಅನೇಕ ಮನೆಗಳಲ್ಲಿ ಸಿಗುತ್ತದೆ. ಹಾಗೆ ನಮ್ಮದಾದದ್ದು ಹೇಗೆ, ಅದಕ್ಕೆ ಎಷ್ಟು ವರ್ಷ ಹಿಡಿಯಿತು, ನಡುವೆ ಎಷ್ಟು ಮಂದಿ ಕೈತಪ್ಪಿಸಿಕೊಂಡರು ಎಂಬುದನ್ನು ಮಂಜಪ್ಪನವರ ಬದುಕಿನ ಜೊತೆಯಲ್ಲೇ ತಿಳಿಯಬಹುದು.

ಮಲೆನಾಡಿನ ಹುಡುಗ ವಕೀಲನಾದದ್ದು

ಮಂಜಪ್ಪನವರು ಹುಟ್ಟಿದ್ದು 1908ರಲ್ಲಿ, ಮಲೆನಾಡಿನ ಕೃಷಿಕ ಮನೆತನದಲ್ಲಿ. ಊರಿನ ಹೆಸರೇ ಅವರ ಹೆಸರಿನ ಮುಂದೆ ನಿಂತಿತು. ಅವರಿಗಿಂತ ನಾಲ್ಕು ವರ್ಷ ಮೊದಲು ಹುಟ್ಟಿದ ಕವಿ ಕುವೆಂಪು ಅವರ ಕುಪ್ಪಳಿಯೂ ಅದೇ ತಾಲ್ಲೂಕಿನಲ್ಲಿದೆ. ಆ ದಿನಗಳಲ್ಲಿ ಅಲ್ಲಿನ ಹುಡುಗನೊಬ್ಬ ಹೈಸ್ಕೂಲು ದಾಟುವುದೇ ದೊಡ್ಡ ಮಾತಾಗಿತ್ತು. ರಸ್ತೆಗಳು ವಿರಳ, ಮಳೆಗಾಲದಲ್ಲಿ ಹೊಳೆ ದಾಟುವುದು ಕಷ್ಟ, ಮಲೇರಿಯಾ ಜ್ವರದ ಕಾಟ ಬೇರೆ. ಇಂತಹ ಕಡೆಯಿಂದ ಹೊರಟು ಅವರು ಪದವಿ ಪಡೆದರು, ಕಾನೂನು ಓದಿದರು, ವಕೀಲಿ ವೃತ್ತಿ ಹಿಡಿದರು. ಗಾಂಧೀಜಿಯವರ ವಿಚಾರಗಳಿಗೆ ಮನಸೋತು ಕಾಂಗ್ರೆಸ್ಸಿನ ಮೂಲಕ ಸ್ವಾತಂತ್ರ್ಯ ಚಳವಳಿಗೂ ಇಳಿದರು. ಕೊನೆಯವರೆಗೂ ಅವರ ಹೆಸರು ಸರಳತೆ ಮತ್ತು ಪ್ರಾಮಾಣಿಕತೆಗೆ ಅಂಟಿಕೊಂಡೇ ಇತ್ತು.

ಆ ಕಾಲದ ಮಲೆನಾಡಿನಲ್ಲಿ ವಕೀಲನ ಮುಂದೆ ಬರುತ್ತಿದ್ದ ತಗಾದೆಗಳು ಎಂಥವು ಎಂಬುದನ್ನು ನೀವು ಊಹಿಸಬಹುದು: ಗೇಣಿ ಬಾಕಿಯ ದಾವೆ, ಸಾಲಪತ್ರದ ದಾವೆ, ಡಿಕ್ರಿ, ಜಪ್ತಿ. ಎಷ್ಟೋ ಮೊಕದ್ದಮೆಗಳಲ್ಲಿ ಒಂದು ಕಡೆ ಕಾಗದ ಇರುತ್ತಿತ್ತು, ಇನ್ನೊಂದು ಕಡೆ ಬರೀ ಬಾಯಿಮಾತು. ಕೋರ್ಟು ನಂಬುವುದು ಕಾಗದವನ್ನು. ಉತ್ತವನ ಕೈಯಲ್ಲಿ ಕಾಗದವಿರಲಿಲ್ಲ. ಮುಂದೆ ಇಪ್ಪತ್ತು ಮೂವತ್ತು ವರ್ಷ ನಡೆದ ಭೂಸುಧಾರಣೆಯ ಗಂಟೆಲ್ಲ ಈ ಒಂದು ಮಾತಿನಲ್ಲಿಯೇ ಇತ್ತು ಎಂಬುದನ್ನು ಗಮನದಲ್ಲಿಡಿ.

ಗೇಣಿ ಎಂದರೆ ಏನಾಗಿತ್ತು?

ಇಂದಿನ ತರುಣರಿಗೆ ಗೇಣಿಯ ಕಷ್ಟ ತಿಳಿದಿರಲಾರದು. ಮೂಲಗೇಣಿ ಎಂಬುದೊಂದಿತ್ತು. ಅದರಲ್ಲಿ ಒಕ್ಕಲು ತಲೆಮಾರುಗಳವರೆಗೆ ಜಮೀನು ಮಾಡಬಹುದು, ಗೇಣಿಯೂ ಗೊತ್ತುಪಡಿಸಿದ್ದು. ಇನ್ನೊಂದು ಚಾಲಗೇಣಿ. ಇದರಲ್ಲಿ ಒಡೆಯರಿಗೆ ಮನಸ್ಸಿರುವವರೆಗೆ ಮಾತ್ರ ಸಾಗುವಳಿ. ಮುಂದಿನ ವರ್ಷ ಜಮೀನು ಬಿಡು ಎಂದರೆ ಬಿಡಬೇಕು. ಬಡ ಒಕ್ಕಲುಗಳಲ್ಲಿ ಹೆಚ್ಚಿನವರು ಈ ಎರಡನೆಯ ಗುಂಪಿನವರು.

ಗೇಣಿಯ ಭತ್ತ ಕಣದಲ್ಲಿಯೇ ಅಳೆದು ಕೊಡಬೇಕು. 20 ಕೊಳಗಕ್ಕೆ ಒಂದು ಖಂಡುಗ. ಆದರೆ ಯಾವ ಕೊಳಗ? ಸರ್ಕಾರದ ಮುದ್ರೆಯ ಕೊಳಗ ಒಂದು ಅಳತೆಯದಾದರೆ, ಕೆಲವು ಒಡೆಯರ ಮನೆಯ ಕೊಳಗ ಅದಕ್ಕಿಂತ ದೊಡ್ಡದು. ಲೆಕ್ಕದಲ್ಲಿ ಅಷ್ಟೇ ಖಂಡುಗ, ಆದರೆ ಕಣದಿಂದ ಹೋಗುವ ಭತ್ತ ಹೆಚ್ಚು. ಗೇಣಿ ಕೊಟ್ಟದ್ದಕ್ಕೆ ರಸೀದಿ ಕೇಳುವ ಧೈರ್ಯ ಬಹಳ ಮಂದಿಗೆ ಇರಲಿಲ್ಲ. ಜೊತೆಗೆ ಒಡೆಯರ ಮನೆಯ ಬಿಟ್ಟಿ ಕೆಲಸ.

ವ್ಯವಸಾಯದ ದೃಷ್ಟಿಯಿಂದ ಒಂದು ಮಾತು ಹೇಳುತ್ತೇನೆ. ನಮ್ಮ ಮಲೆನಾಡಿನ ಮಣ್ಣು ಹುಳಿ ಮಣ್ಣು. ಸುಣ್ಣ ಹಾಕಿದರೆ ಅದರ ಫಲ ಒಂದೇ ಬೆಳೆಗೆ ಮುಗಿಯುವುದಿಲ್ಲ, ಮುಂದಿನ ಬೆಳೆಗಳಿಗೂ ಸಿಗುತ್ತದೆ. ಬದು ಹಾಕಿದರೆ, ಬಸಿಗಾಲುವೆ ತೋಡಿದರೆ ಅದೂ ಹಾಗೆಯೇ. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು 5ರಿಂದ 7 ವರ್ಷ ಬೇಕು. ಮುಂದಿನ ವರ್ಷ ಈ ಗದ್ದೆ ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ಎಂದು ತಿಳಿಯದವನು ಸುಣ್ಣ ಏಕೆ ಹಾಕುತ್ತಾನೆ, ಅಡಿಕೆ ಏಕೆ ನೆಡುತ್ತಾನೆ? ಗೇಣಿಯ ಭದ್ರತೆ ಬರೀ ನ್ಯಾಯದ ಪ್ರಶ್ನೆಯಾಗಿರಲಿಲ್ಲ. ಇಳುವರಿಯ ಪ್ರಶ್ನೆಯೂ ಆಗಿತ್ತು.

ಕಾಗೋಡಿನ ಬೆಂಕಿ

1951ರ ಏಪ್ರಿಲ್ ತಿಂಗಳು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಒಕ್ಕಲುಗಳು ಸತ್ಯಾಗ್ರಹಕ್ಕೆ ಇಳಿದರು. ಕೊಳಗದ ಅಳತೆಯೂ ಬಿಟ್ಟಿಯೂ ಅವರ ದೂರುಗಳಲ್ಲಿದ್ದವು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದ್ದರು. ತರುಣ ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷದವರು ಬೆನ್ನಿಗೆ ನಿಂತರು. ಹೆಂಗಸರು ಸಹ ಗದ್ದೆಗಿಳಿದರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೆ ಒಳಗಾದರು. ಜಿಲ್ಲೆಯ ಒಂದು ಸಣ್ಣ ಹಳ್ಳಿಯ ಹೆಸರು ದೇಶಕ್ಕೆಲ್ಲ ತಿಳಿಯಿತು.

ಕಾಗೋಡಿನ ಹೋರಾಟದಲ್ಲಿ ಮಂಜಪ್ಪನವರು ಇದ್ದದ್ದು ಆ ಪಾಳೆಯದಲ್ಲಲ್ಲ. ಅವರು ಆಳುವ ಪಕ್ಷದವರು. ಆದರೆ 1952ರ ಮಹಾಚುನಾವಣೆಯ ನಂತರ ಕೆಂಗಲ್ ಹನುಮಂತಯ್ಯನವರ ಮಂತ್ರಿಮಂಡಲದಲ್ಲಿ ಕಂದಾಯ ಖಾತೆ ಅವರಿಗೆ ಬಂತು. ಕಾಗೋಡಿನ ಬಿಸಿ ಆರುವ ಮೊದಲೇ ಭೂಮಿಯ ಹೊಣೆ ಅದೇ ಜಿಲ್ಲೆಯವರ ಕೈಗೆ ಸೇರಿತು. ಎದುರು ಸಾಲಿನಲ್ಲಿ ಶಾಸಕರಾಗಿ ಆಯ್ಕೆಯಾಗಿ ಬಂದ ಗೋಪಾಲಗೌಡರು ಕುಳಿತರು. ಅವರೂ ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೇ ಹುಟ್ಟಿದವರು. ಒಂದೇ ತಾಲ್ಲೂಕಿನ ಇಬ್ಬರಲ್ಲಿ ಒಬ್ಬರು ಕಾಯಿದೆ ಮಾಡುವ ಜಾಗದಲ್ಲಿ, ಇನ್ನೊಬ್ಬರು ಅದು ಸಾಲದು ಎಂದು ಹೇಳುವ ಜಾಗದಲ್ಲಿ! ಈ ಎರಡೂ ಇದ್ದದ್ದರಿಂದಲೇ ಗೇಣಿದಾರನ ಮಾತು ವಿಧಾನಸೌಧದ ಕಡತ ಸೇರಿತು ಎನ್ನಬೇಕು.

ಇನಾಮು ಹೋಯಿತು

1952ರ ಮೈಸೂರು ಗೇಣಿ ಕಾಯಿದೆ ಗೇಣಿಗೊಂದು ಮಿತಿ, ಒಕ್ಕಲಿಗೊಂದು ಅವಧಿಯ ಭದ್ರತೆ ಕೊಡಲು ಹೊರಟಿತು. ಅದನ್ನು ನಡೆಸುವ ಹೊಣೆ ಕಂದಾಯ ಖಾತೆಯದಾಯಿತು. ಅದಕ್ಕಿಂತ ದೊಡ್ಡ ಹೆಜ್ಜೆ ಇನಾಮು ರದ್ದಿಯತಿ. ಹಿಂದೆ ಅರಸರು ವ್ಯಕ್ತಿಗಳಿಗೆ, ದೇವಸ್ಥಾನ ಮಠಗಳಿಗೆ ಇಡೀ ಹಳ್ಳಿಗಳನ್ನೇ ಇನಾಮು ಕೊಟ್ಟಿದ್ದರು. ಜೋಡಿ ಗ್ರಾಮ, ಸರ್ವಮಾನ್ಯ ಎಂಬ ಹೆಸರುಗಳನ್ನು ಹಿರಿಯರಿಂದ ನೀವು ಕೇಳಿರಬಹುದು. ಆ ಹಳ್ಳಿಗಳ ರೈತ ಸರ್ಕಾರಕ್ಕೆ ನೇರವಾಗಿ ಕಂದಾಯ ಕಟ್ಟುವವನಲ್ಲ. ಅವನಿಗೂ ಸರ್ಕಾರಕ್ಕೂ ನಡುವೆ ಇನಾಮುದಾರ.

1954ರ ವೈಯಕ್ತಿಕ ಮತ್ತು ಇತರ ಇನಾಮುಗಳ ರದ್ದಿಯತಿ ಕಾಯಿದೆ ಹಾಗೂ 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದಿಯತಿ ಕಾಯಿದೆ ಈ ನಡುವಿನವರನ್ನು ತೆಗೆದವು. ಇನಾಮುದಾರರಿಗೆ ಪರಿಹಾರ, ಜಮೀನು ಸರ್ಕಾರಕ್ಕೆ, ಸಾಗುವಳಿ ಮಾಡುತ್ತಿದ್ದವರಿಗೆ ಅವರವರ ಹಕ್ಕಿಗೆ ತಕ್ಕಂತೆ ಖಾತೆ ಎಂಬುದು ಅದರ ಸಾರ. ಖದೀಂ ಗೇಣಿದಾರ, ಕಾಯಂ ಗೇಣಿದಾರ, ಅರೆಕಾಯಂ ಗೇಣಿದಾರ ಎಂದು ಒಕ್ಕಲುಗಳನ್ನು ವಿಂಗಡಿಸಲಾಯಿತು. ಇಂದಿಗೂ ಹಳೆಯ ಮೈಸೂರಿನ ಕೆಲವು ಜಮೀನುಗಳ ದಾಖಲೆ ತೆಗೆದರೆ ಇನಾಮು ರದ್ದಿಯತಿಯ ಆದೇಶದ ನಂಬರು ಮೊದಲು ಸಿಗುತ್ತದೆ. ಅದು ಆ ಕಾಲದ ಕೆಲಸ.

ಎಪ್ಪತ್ನಾಲ್ಕು ದಿನದ ಮುಖ್ಯಮಂತ್ರಿ

1956ರ ಆಗಸ್ಟ್‌ನಲ್ಲಿ ಪಕ್ಷದೊಳಗಿನ ಭಿನ್ನಮತದಿಂದ ಹನುಮಂತಯ್ಯನವರು ರಾಜೀನಾಮೆ ಕೊಟ್ಟರು. ಆಗಸ್ಟ್ 19ರಂದು ಮಂಜಪ್ಪನವರು ಮುಖ್ಯಮಂತ್ರಿಯಾದರು. ಅಕ್ಟೋಬರ್ 31ರವರೆಗೆ, ಅಂದರೆ 74 ದಿನ, ಆ ಸ್ಥಾನದಲ್ಲಿದ್ದರು. ಕೆ. ಚೆಂಗಲರಾಯರೆಡ್ಡಿ, ಹನುಮಂತಯ್ಯನವರ ನಂತರ ಅವರು ಮೂರನೆಯವರು. ಹಳೆಯ ಮೈಸೂರು ರಾಜ್ಯದ ಕೊನೆಯ ಮುಖ್ಯಮಂತ್ರಿ. ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿತು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು. ಮುಖ್ಯಮಂತ್ರಿಯಾಗಿದ್ದ ಮಂಜಪ್ಪನವರು ಮತ್ತೆ ಕಂದಾಯ ಮಂತ್ರಿಯಾಗಿ ಹೊಸ ಮಂತ್ರಿಮಂಡಲದಲ್ಲಿ ಕೆಲಸಕ್ಕೆ ಕುಳಿತರು. ಮೇಲಿನ ಕುರ್ಚಿ ಬಿಟ್ಟು ಕೆಳಗಿನ ಕುರ್ಚಿಗೆ ಬರುವುದು ಎಲ್ಲರಿಂದ ಆಗುವ ಕೆಲಸವಲ್ಲ.

ಐದು ಸೀಮೆ, ಐದು ಕಾನೂನು

ಹೊಸ ರಾಜ್ಯದಲ್ಲಿ ಭೂಮಿಯ ಕಾನೂನು ಕಲಸುಮೇಲೋಗರವಾಗಿತ್ತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಕಡೆ 1948ರ ಮುಂಬಯಿ ಕಾಯಿದೆ. ಗುಲ್ಬರ್ಗ, ರಾಯಚೂರು, ಬೀದರಿನಲ್ಲಿ 1950ರ ಹೈದರಾಬಾದು ಕಾಯಿದೆ. ದಕ್ಷಿಣ ಕನ್ನಡದಲ್ಲಿ ಮದರಾಸಿನದು, ಕೊಡಗಿನಲ್ಲಿ ಅವರದೇ, ನಮ್ಮಲ್ಲಿ ಮೈಸೂರಿನದು. ಶಿವಮೊಗ್ಗದ ಒಕ್ಕಲಿಗೆ ಒಂದು ನ್ಯಾಯ, ಪಕ್ಕದ ಶಿರಸಿಯ ಒಕ್ಕಲಿಗೆ ಇನ್ನೊಂದು ನ್ಯಾಯ.

ಇದನ್ನು ಒಂದುಗೂಡಿಸಲು 1957ರಲ್ಲಿ ಬಿ.ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು. ಜತ್ತಿಯವರೂ ವಕೀಲರೇ. ಸಮಿತಿಯ ವರದಿಯ ಮೇಲೆ 1958ರಲ್ಲಿ ಮಸೂದೆ ಬಂತು. ಅದೇ ವರ್ಷ ಜತ್ತಿಯವರು ಮುಖ್ಯಮಂತ್ರಿಯಾದರು, ಕಂದಾಯ ಖಾತೆ ಮಂಜಪ್ಪನವರಲ್ಲಿ ಉಳಿಯಿತು. ಮಸೂದೆ ಜಂಟಿ ಸಮಿತಿಗೆ ಹೋಯಿತು, ಕಲಮುಕಲಮಾಗಿ ಚರ್ಚೆಯಾಯಿತು. 1961ರಲ್ಲಿ ಮೈಸೂರು ಭೂಸುಧಾರಣಾ ಕಾಯಿದೆ ಅಂಗೀಕಾರವಾಯಿತು. 1962ರ ಮಾರ್ಚಿಯಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2, ಗಾಂಧಿ ಜಯಂತಿಯಂದು.

ಕಾಯಿದೆಯ ಮುಖ್ಯ ಅಂಶಗಳು ಇವು. ಒಂದು ಕುಟುಂಬಕ್ಕೆ 27 ಸ್ಟ್ಯಾಂಡರ್ಡ್ ಎಕರೆಯ ಮಿತಿ. ಬರೀ ಖುಷ್ಕಿಯಾದರೆ ಅದು 216 ಎಕರೆಯವರೆಗೂ ಆಗುತ್ತಿತ್ತು. ಗೇಣಿ ನೀರಾವರಿ ಜಮೀನಿಗೆ ಒಟ್ಟು ಉತ್ಪನ್ನದ ನಾಲ್ಕನೆಯ ಒಂದು ಪಾಲು, ಉಳಿದದ್ದಕ್ಕೆ ಐದನೆಯ ಒಂದು ಪಾಲು ಮೀರಬಾರದು. ಆದರೆ ಸ್ವಂತ ಸಾಗುವಳಿ ಮಾಡುತ್ತೇನೆ ಎಂದು ಒಡೆಯರು ಹೇಳಿದರೆ, ಗೇಣಿಗೆ ಕೊಟ್ಟ ಜಮೀನಿನಲ್ಲಿ ಅರ್ಧದವರೆಗೆ ಹಿಂದಕ್ಕೆ ಪಡೆಯುವ ಅವಕಾಶವೂ ಇತ್ತು.

ಅದೇ 1961ರಲ್ಲಿ ಗ್ರಾಮಾಧಿಕಾರಗಳ ರದ್ದಿಯತಿ ಕಾಯಿದೆಯೂ ಆಯಿತು. ಪಟೇಲಿಕೆ, ಶಾನುಭೋಗಿಕೆ ತಂದೆಯಿಂದ ಮಗನಿಗೆ ಬರುವ ಪದ್ಧತಿ ಕೊನೆಗೊಂಡಿತು. 1963ರಿಂದ ಸಂಬಳದ ಗ್ರಾಮ ಲೆಕ್ಕಿಗರ ಕಾಲ ಆರಂಭವಾಯಿತು. ತೋಟಿ, ತಳವಾರ, ನೀರುಗಂಟಿಗಳು ಅನುಭವಿಸುತ್ತಿದ್ದ ಚಾಕರಿ ಜಮೀನನ್ನು ಅವರಿಗೇ ಮರುಮಂಜೂರು ಮಾಡಲು ದಾರಿಯಾಯಿತು. ದಾಖಲೆ ಬರೆಯುವ ಲೇಖನಿ ಮನೆತನದಿಂದ ಸರ್ಕಾರದ ನೌಕರನ ಕೈಗೆ ಹೋದದ್ದು ಸಣ್ಣ ಬದಲಾವಣೆಯಲ್ಲ.

ಎಲ್ಲಿ ಸೋತಿತು?

ಒಳ್ಳೆಯ ಮನುಷ್ಯ ಮಾಡಿದ ಕಾಯಿದೆ ಎಂದ ಮಾತ್ರಕ್ಕೆ ಅದರ ಕೊರತೆಯನ್ನು ಮುಚ್ಚಿಡಬಾರದು. 1958ರಲ್ಲಿ ಮಸೂದೆ, 1965ರಲ್ಲಿ ಜಾರಿ. ನಡುವೆ ಏಳು ವರ್ಷ! ಮಳೆ ಬರುತ್ತದೆಂದು ಏಳು ವರ್ಷ ಮೊದಲೇ ಸಾರಿದರೆ ಯಾರು ತಾನೆ ಮಾಡು ಹೊದಿಸಿಕೊಳ್ಳುವುದಿಲ್ಲ? ಜಮೀನು ಮನೆಮಂದಿಯ ಹೆಸರಿಗೆ ಹಂಚಿಹೋಯಿತು. ಎಷ್ಟೋ ಒಕ್ಕಲುಗಳಿಂದ ಸ್ವಖುಷಿಯಿಂದ ಜಮೀನು ಬಿಟ್ಟಿದ್ದೇನೆ ಎಂದು ಬರೆಸಿಕೊಳ್ಳಲಾಯಿತು. ಆ ಖುಷಿ ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. ಮಿತಿಯೂ ಬಹಳ ದೊಡ್ಡದಾದ್ದರಿಂದ ಹೆಚ್ಚುವರಿ ಜಮೀನು ಸಿಕ್ಕಿದ್ದು ಸ್ವಲ್ಪ. ಎಲ್ಲಕ್ಕಿಂತ ಮಿಗಿಲಾಗಿ, ಯಾರು ಯಾವ ಜಮೀನು ಉಳುತ್ತಿದ್ದಾರೆ ಎಂಬ ಸರಿಯಾದ ದಾಖಲೆ ಇರಲಿಲ್ಲ. ಮತ್ತೆ ಅದೇ ಮಾತು: ಕಾಗದವಿಲ್ಲ.

ಬೇರೆ ಕಡೆ ಹೇಗಾಯಿತು ನೋಡಿ. ಜಪಾನಿನಲ್ಲಿ ಯುದ್ಧ ಮುಗಿದ ಮೇಲೆ 1946ರ ಕಾಯಿದೆಯಂತೆ ಊರಿನಲ್ಲಿಲ್ಲದ ಒಡೆಯರ ಗೇಣಿ ಜಮೀನನ್ನು ಸರ್ಕಾರವೇ ಕೊಂಡು, ಉಳುವವರಿಗೆ ಮಾರಿತು. ಕೆಲವೇ ವರ್ಷಗಳಲ್ಲಿ ಕೆಲಸ ಮುಗಿಯಿತು. ಕೇರಳದಲ್ಲಿ 1970ರ ಜನವರಿ 1ರಂದು ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ನಮ್ಮಲ್ಲಿ ಆ ಕಾಲ ಬಂದದ್ದು ದೇವರಾಜ ಅರಸರ ಸರ್ಕಾರದಲ್ಲಿ. 1961ರ ಕಾಯಿದೆಗೇ ಭಾರಿ ತಿದ್ದುಪಡಿ ಮಾಡಿ, 1974ರ ಮಾರ್ಚಿ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತೆಂದು ಸಾರಲಾಯಿತು. ಒಡೆಯರು ಸ್ವಂತ ಸಾಗುವಳಿಗೆಂದು ಹಿಂದಕ್ಕೆ ಪಡೆಯುವ ದಾರಿ ಮುಚ್ಚಿತು. ಮಿತಿ 10 ಯೂನಿಟ್ಟಿಗೆ, ಖುಷ್ಕಿಯಾದರೆ 54 ಎಕರೆಗೆ ಇಳಿಯಿತು. ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಳಿಗಳಾದವು. ಒಕ್ಕಲುಗಳು ಸಾಲುಗಟ್ಟಿ ನಮೂನೆ 7ರ ಅರ್ಜಿ ಹಾಕಿದರು; 8 ಲಕ್ಷಕ್ಕೂ ಮೀರಿ ಅರ್ಜಿ ಬಂದವು. ಅರ್ಜಿ ಹಾಕಲು 1979ರ ಜೂನ್ 30ರವರೆಗೆ ಅವಕಾಶ ಮುಂದುವರಿಯಿತು.

ಹಾಗಾದರೆ ಮಂಜಪ್ಪನವರ ಪಾಲೇನು ಎಂದು ನೀವು ಕೇಳಬಹುದು. ಅರಸರು ಹೊಸ ಮನೆ ಕಟ್ಟಲಿಲ್ಲ. ಮಂಜಪ್ಪನವರ ಕಾಲದಲ್ಲಿ ಹಾಕಿದ ಪಾಯದ ಮೇಲೆಯೇ ಗೋಡೆ ಎಬ್ಬಿಸಿದರು. ಇಡೀ ರಾಜ್ಯಕ್ಕೆ ಒಂದೇ ಕಾನೂನು ಎಂಬ ಪಾಯ ಇಲ್ಲದಿದ್ದರೆ 1974ರ ಕೆಲಸ ಐದು ಸೀಮೆಗಳಲ್ಲಿ ಐದು ಸಲ ಮಾಡಬೇಕಾಗುತ್ತಿತ್ತು. ಇಂದಿಗೂ ನಮ್ಮ ಭೂಸುಧಾರಣಾ ಕಾಯಿದೆಯ ಹೆಸರಿನ ಜೊತೆ 1961 ಎಂಬ ಇಸವಿಯೇ ಇದೆ.

ಕೊನೆಯ ದಿನಗಳು

ಅಧಿಕಾರದಿಂದ ದೂರವಾದ ಮೇಲೆ ಮಂಜಪ್ಪನವರು ಬರವಣಿಗೆಗೂ ಕೈಹಾಕಿದರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ನನಸಾಗದ ಕನಸು. ಮುಖ್ಯಮಂತ್ರಿಯಾದವರೊಬ್ಬರು ತಮ್ಮ ಬದುಕಿಗೆ ಅಂಥ ಹೆಸರಿಡುವುದು ಅಪರೂಪ. ತಾವು ಮಂಡಿಸಿದ ಕಾಯಿದೆ ಸೊರಗಿದ್ದನ್ನೂ, ಮುಂದೆ ಅದೇ ಕಾಯಿದೆ ತಿದ್ದುಪಡಿಯಾಗಿ ಲಕ್ಷಾಂತರ ಒಕ್ಕಲುಗಳಿಗೆ ಖಾತೆ ಮಾಡಿಕೊಟ್ಟದ್ದನ್ನೂ ಅವರು ಬದುಕಿದ್ದಾಗಲೇ ಕಂಡರು. 1992ರಲ್ಲಿ ತೀರಿಕೊಂಡರು.

ನೀವು ಈಗ ಮಾಡಬೇಕಾದ್ದು

ಈ ಜೀವನಚರಿತ್ರೆಯಿಂದ ಕೃಷಿಕನಿಗೆ ಸಿಗುವ ಪಾಠ ಒಂದೇ: ಉಳುಮೆಯಷ್ಟೇ ಮುಖ್ಯ ದಾಖಲೆ. ಆದ್ದರಿಂದ ಈ ಕೆಳಗಿನ ಕೆಲಸಗಳನ್ನು ತಪ್ಪದೆ ಮಾಡಿ.

ಒಂದು, ವರ್ಷಕ್ಕೊಮ್ಮೆಯಾದರೂ ಪಹಣಿ ತೆಗೆಸಿ ನೋಡಿ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 11ರಲ್ಲಿ ಸಾಲ ಮತ್ತು ಋಣ, 12ರಲ್ಲಿ ಸಾಗುವಳಿದಾರರ ಹೆಸರು ಮತ್ತು ಬೆಳೆ ಸರಿಯಾಗಿದೆಯೇ ಎಂದು ಓದಿಸಿ ಕೇಳಿ.

ಎರಡು, ನಿಮ್ಮ ಜಮೀನು ಭೂನ್ಯಾಯಮಂಡಳಿಯಿಂದ ಬಂದದ್ದಾದರೆ ಮಂಡಳಿಯ ಆದೇಶ ಮತ್ತು ನಮೂನೆ 10ರ ಪ್ರಮಾಣಪತ್ರವನ್ನು ಜೋಪಾನವಾಗಿಡಿ. ಕಳೆದಿದ್ದರೆ ತಾಲ್ಲೂಕು ಕಚೇರಿಯಲ್ಲಿ ದೃಢೀಕೃತ ನಕಲು ಕೇಳಿ ಪಡೆಯಿರಿ.

ಮೂರು, ತಂದೆ ಅಥವಾ ಅಜ್ಜನ ಹೆಸರಿನಲ್ಲಿಯೇ ಖಾತೆ ಉಳಿದಿದ್ದರೆ ಪೌತಿ ಖಾತೆ ಮಾಡಿಸಿ. ವಿಧವೆ ತಾಯಿ, ಅಕ್ಕತಂಗಿಯರ ಹೆಸರನ್ನು ಬಿಟ್ಟು ಬರೆಸಬೇಡಿ. ಅದು ಅವರ ಹಕ್ಕು. ಬಿಟ್ಟರೆ ನಾಳೆ ವ್ಯಾಜ್ಯವೂ ತಪ್ಪಿದ್ದಲ್ಲ.

ನಾಲ್ಕು, ಬಾಯಿಮಾತಿನ ಗೇಣಿಯ ವಿಷಯದಲ್ಲಿ ಎಚ್ಚರವಿರಲಿ. 1974ರ ನಂತರ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು, ಸೈನಿಕರು ಮತ್ತು ನಾವಿಕರಂಥ ಕೆಲವರ ವಿನಾ, ಕಾಯಿದೆ ನಿಷೇಧಿಸಿದೆ. ಆದರೂ ಊರು ಬಿಟ್ಟು ಪೇಟೆ ಸೇರಿದವರ ಗದ್ದೆಯನ್ನು ಪಾಲಿಗೋ ವಾರಕ್ಕೋ ಮಾಡುವವರು ಪ್ರತಿ ಹಳ್ಳಿಯಲ್ಲಿ ಇದ್ದಾರೆ. ಪಹಣಿಯಲ್ಲಿ ಅವರ ಹೆಸರಿಲ್ಲ. ಬೆಳೆ ಸಾಲ, ಬೆಳೆ ಹಾನಿಯ ಪರಿಹಾರ ಬಂದಾಗ ಬೆಳೆದವನಿಗೆ ಸಿಗುವುದು ಕಷ್ಟ. ಹುಳಿ ಮಣ್ಣಿಗೆ ಸುಣ್ಣ ಹಾಕಿ ಎಂದು ನಾವು ಹೇಳಿದರೆ ಅವರೂ ತಮ್ಮ ಅಜ್ಜಂದಿರಂತೆಯೇ ಸುಮ್ಮನೆ ನಗುತ್ತಾರೆ. 1951ರ ಪ್ರಶ್ನೆ ಇನ್ನೊಂದು ರೂಪದಲ್ಲಿ ಹಾಗೆಯೇ ಉಳಿದಿದೆ. ವ್ಯತ್ಯಾಸವೆಂದರೆ, ಈಗ ಕೊಡುವವರೂ ಅನೇಕ ಕಡೆ ಹಿಂದಿನ ಗೇಣಿದಾರರ ಮಕ್ಕಳೇ.

ಐದು, 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ಇದ್ದ ಅಡ್ಡಿ ಹೋಗಿದೆ. ಹಣದ ಆಸೆಗೆ ಮಾರುವ ಮೊದಲು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮಾತಾಡಿ. ಎರಡು ತಲೆಮಾರು ಕಾದು ಪಡೆದ ಖಾತೆ ಒಂದು ಸಹಿಯಿಂದ ಹೋಗುತ್ತದೆ.

ವಾಚನಾಲಯಕ್ಕೆ ಬರುವ ವಿದ್ಯಾವಂತ ತರುಣರಲ್ಲಿ ಒಂದು ಕೋರಿಕೆ. ಕಡಿದಾಳ್ ಮಂಜಪ್ಪನವರು ಕಲಿತ ಕಾನೂನನ್ನು ಕಲಿಯದವರಿಗಾಗಿ ಬಳಸಿದರು. ನೀವು ಅಷ್ಟು ಮಾಡಬೇಕಿಲ್ಲ. ಓದು ಬಾರದ ಹಿರಿಯರು ಪಹಣಿ ಹಿಡಿದು ಬಂದರೆ ಪಕ್ಕದಲ್ಲಿ ಕೂರಿಸಿಕೊಂಡು ಸರ್ವೆ ನಂಬರಿನಿಂದ ಕೊನೆಯ ಸಾಲಿನವರೆಗೆ ಓದಿ ಹೇಳಿ. ತಪ್ಪು ಕಂಡರೆ ತಿದ್ದುಪಡಿಗೆ ಅರ್ಜಿ ಬರೆದುಕೊಡಿ, ಸ್ವೀಕೃತಿ ಪಡೆಯಲು ಮರೆಯದಂತೆ ತಿಳಿಸಿ.